ಹಳೆಯ ಎಂಜಿಬಿ ಕೊಂಡು ಓಡಿಸುವವರಿಗೆ ಒಂದು ಮಾರ್ಗದರ್ಶಿ

ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಕೊಳ್ಳುತ್ತೇನೆ ಅಂದರೆ ಸುತ್ತಲಿನವರೆಲ್ಲ ಬೇಡ ಅನ್ನುತ್ತಾರೆ. ರಸ್ತೆಗಿಂತ ಗ್ಯಾರೇಜಿನಲ್ಲೇ ಜಾಸ್ತಿ ಇರುತ್ತದೆ ಅಂತ ಹೆದರಿಸುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಕಾರು ಸರಿಯಾಗಿ ಆರಿಸಿ, ಬಾಡಿ ನೋಡಿ ಕೊಂಡು, ಬಿಡದೆ ಓಡಿಸುತ್ತಿದ್ದರೆ ಅದನ್ನು ನಂಬಿ ದೂರದೂರಿಗೂ ಹೋಗಬಹುದು. ಕೆಡುವುದು ಹೆಚ್ಚಾಗಿ ನಿಂತಲ್ಲೇ ನಿಂತ ಕಾರು. ಬ್ರೇಕ್ ಸಿಲಿಂಡರಿನೊಳಗೆ ತುಕ್ಕು ಕೂರುತ್ತದೆ, ರಬ್ಬರ್ ಒಣಗಿ ಬಿರಿಯುತ್ತದೆ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಂಟಂಟಾಗುತ್ತದೆ. ಹಾಗಾಗಿ ಮುಂದೆ ಹೇಳುವುದೆಲ್ಲ ಓಡಿಸಬೇಕು ಅನ್ನುವವರಿಗೆ. ಹೊದಿಕೆ ಹೊದಿಸಿ ಶೋಗೆ ಇಡುವವರ ಲೆಕ್ಕಾಚಾರವೇ ಬೇರೆ.

ಮೊದಲ ಹಳೆಯ ಕಾರು ಯಾವುದಿರಲಿ ಅಂತ ಕೇಳಿದರೆ ನನ್ನ ಉತ್ತರ ಎಂಜಿ ಕಂಪನಿಯ ಎಂಜಿಬಿ. ಆಕ್ಸ್‌ಫರ್ಡ್ ಹತ್ತಿರದ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದವು. ಅಷ್ಟು ಕಾರು ಬಂದಿದ್ದರಿಂದ ಇವತ್ತಿಗೂ ಬಿಡಿಭಾಗಕ್ಕೆ ಬರ ಇಲ್ಲ. ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ 1988ರಲ್ಲಿ ಮೂಲ ಅಚ್ಚುಗಳನ್ನೇ ಬಳಸಿ ಹೊಸ ಬಾಡಿಗಳನ್ನು ತಯಾರಿಸಲು ಶುರು ಮಾಡಿತು. ಬಾಗಿಲಿನ ರಬ್ಬರಿನಿಂದ ಹಿಡಿದು ಪೂರ್ತಿ ಬಾಡಿಯವರೆಗೆ ಹೊಸದು ಸಿಗುವ ಹಳೆಯ ಕಾರುಗಳು ಬಹಳ ಕಡಿಮೆ.

ಕರ್ನಾಟಕದಿಂದ ಬಂದು ಬ್ರಿಟನ್‌ನಲ್ಲಿ ನೆಲೆಸಿದವರಿಗೆ ಇನ್ನೊಂದು ಮಾತು. ನಿಮ್ಮ ಮನೆಯಲ್ಲಿ ಹಿಂದೆ ಅಂಬಾಸಿಡರ್ ಇತ್ತಾ? ಅದರಲ್ಲಿದ್ದ 1489 ಸಿಸಿ ಪೆಟ್ರೋಲ್ ಎಂಜಿನ್ ಮತ್ತು ಎಂಜಿಬಿಯ 1798 ಸಿಸಿ ಎಂಜಿನ್, ಎರಡೂ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನ (ಬಿಎಂಸಿ) ಬಿ-ಸೀರೀಸ್ ಮನೆತನದವು. ಅಂಬಾಸಿಡರಿನ ಬಾನೆಟ್ ಎತ್ತಿ ಇಗ್ನಿಷನ್ ಪಾಯಿಂಟ್ ಉಜ್ಜಿ ಗೊತ್ತಿರುವವರಿಗೆ ಇಲ್ಲಿ ಹೆದರುವಂಥದ್ದು ಏನೂ ಇಲ್ಲ.

ಯಾವ ವರ್ಷದ್ದು ನೋಡಬೇಕು

ಮೇಲ್ಛಾವಣಿ ಮಡಚುವ ರೋಡ್‌ಸ್ಟರ್ ಬೇಕಾ, ಗಟ್ಟಿ ಛಾವಣಿಯ ಜಿಟಿ ಬೇಕಾ ಅನ್ನುವುದು ಮೊದಲ ಪ್ರಶ್ನೆ. ಜಿಟಿ ಬಂದಿದ್ದು 1965ರಲ್ಲಿ. ಅದರ ವಿನ್ಯಾಸದಲ್ಲಿ ಇಟಲಿಯ ಪಿನಿನ್‌ಫರೀನಾ ಕೈ ಇದೆ. ಇಂಗ್ಲೆಂಡಿನ ಮಳೆ, ಚಳಿ ನೋಡಿದರೆ ವರ್ಷವಿಡೀ ಓಡಿಸುವವರಿಗೆ ಜಿಟಿ ಒಳ್ಳೆಯದು. ಬೆಲೆಯೂ ಸಾಮಾನ್ಯವಾಗಿ ರೋಡ್‌ಸ್ಟರಿಗಿಂತ ಕಡಿಮೆ. ಹಿಂದಿನ ಸೀಟು ಚಿಕ್ಕದು, ದೊಡ್ಡವರಿಗೆ ಆಗುವುದಿಲ್ಲ. ಮಕ್ಕಳನ್ನು ಕೂರಿಸುವ ಯೋಚನೆ ಇದ್ದರೆ ಮೊದಲೇ ಬೆಲ್ಟ್ ಹಾಕಿಸಿ. ಬೆಲ್ಟ್ ಇಲ್ಲದ ಕಾರಿನಲ್ಲಿ 3 ವರ್ಷದೊಳಗಿನ ಮಗುವನ್ನು ಕರೆದುಕೊಂಡು ಹೋಗುವುದು ಇಲ್ಲಿ ಕಾನೂನಿಗೆ ವಿರುದ್ಧ.

ಇನ್ನು ವರ್ಷದ ವಿಚಾರ. 1964ರ ಕೊನೆಯವರೆಗಿನ ಎಂಜಿನ್‌ಗಳಲ್ಲಿ ಕ್ರ್ಯಾಂಕಿಗೆ ಮೂರೇ ಬೇರಿಂಗ್, ಆಮೇಲೆ ಐದು. 1967ರ ಕೊನೆಯಲ್ಲಿ ಮಾರ್ಕ್ 2 ಬಂದಾಗ ಮೊದಲ ಗೇರಿಗೂ ಸಿಂಕ್ರೋ (ಗೇರ್ ಕಿರ್ ಅನ್ನದೆ ಕೂರುವಂತೆ ಮಾಡುವ ಭಾಗ) ಸಿಕ್ಕಿತು, ಡೈನಮೋ ಹೋಗಿ ಆಲ್ಟರ್ನೇಟರ್ ಬಂತು, ಪಾಸಿಟಿವ್ ಅರ್ಥ್, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಬಾಡಿಗೆ ಜೋಡಿಸಿದ್ದ ವೈರಿಂಗ್ ನೆಗೆಟಿವ್ ಅರ್ಥ್ ಆಯಿತು. ಈ ಕೊನೆಯದು ಸಣ್ಣ ವಿಷಯ ಅಂತ ಬಿಡಬೇಡಿ. ಪಾಸಿಟಿವ್ ಅರ್ಥ್ ಕಾರಿಗೆ ಇವತ್ತಿನ ರೇಡಿಯೊವನ್ನೋ ಫೋನ್ ಚಾರ್ಜರನ್ನೋ ಹಾಗೇ ಜೋಡಿಸಿದರೆ ಶಾರ್ಟ್ ಆಗುತ್ತದೆ.

1974ರ ಕೊನೆಯಲ್ಲಿ ಅಮೆರಿಕದ ನಿಯಮಗಳಿಗಾಗಿ ಕ್ರೋಮ್ ಬಂಪರ್ ತೆಗೆದು ದೊಡ್ಡ ಕಪ್ಪು ಬಂಪರ್ ಹಾಕಿದರು, ಕಾರನ್ನು ಒಂದಿಂಚಿಗೂ ಜಾಸ್ತಿ ಎತ್ತರಿಸಿದರು. ತಿರುವಿನಲ್ಲಿ ಈ ಕಾರು ಸ್ವಲ್ಪ ವಾಲುತ್ತದೆ. ಜನ ಇದನ್ನು ಕೀಳಾಗಿ ನೋಡುವುದು ನನಗೆ ಇಷ್ಟವಿಲ್ಲ. ಕಡಿಮೆ ದುಡ್ಡಿಗೆ ಗಟ್ಟಿ ಬಾಡಿಯ ಕಾರು ಸಿಗುವುದಾದರೆ ರಬ್ಬರ್ ಬಂಪರಿನದನ್ನೇ ತಗೊಳ್ಳಿ. ಸ್ಪ್ರಿಂಗ್ ಬದಲಿಸಿ ಎತ್ತರ ಇಳಿಸುವ ಕಿಟ್ ಸಿಗುತ್ತದೆ. ಕೈಯಲ್ಲಿ ದುಡ್ಡಿದ್ದರೆ ಮಾತ್ರ 1968ರಿಂದ 1974ರ ನಡುವಿನ ಕ್ರೋಮ್ ಬಂಪರ್ ಕಾರು ನನ್ನ ಆಯ್ಕೆ.

ಯಾವ ವರ್ಷದ್ದೇ ಆಗಲಿ, ಓವರ್‌ಡ್ರೈವ್ ಇರುವುದನ್ನೇ ಹುಡುಕಿ. ಗೇರ್‌ಬಾಕ್ಸಿನ ಹಿಂದೆ ಕೂತಿರುವ ಲೇಕಾಕ್ ಕಂಪನಿಯ ಘಟಕ ಇದು. ಸ್ವಿಚ್ ಒತ್ತಿದರೆ ಇನ್ನೊಂದು ಗೇರ್ ಸಿಕ್ಕಂತೆ. ಗಂಟೆಗೆ 70 ಮೈಲಿಯಲ್ಲಿ ನಾಲ್ಕನೇ ಗೇರ್‌ನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 3900 ಸುತ್ತು ತಿರುಗಿದರೆ, ಓವರ್‌ಡ್ರೈವ್ ಹಾಕಿದಾಗ ಸುಮಾರು 3200ಕ್ಕೆ ಇಳಿಯುತ್ತದೆ. ಮೋಟರ್‌ವೇಯಲ್ಲಿ ಎರಡು ಗಂಟೆ ಕೂತು ನೋಡಿದರೆ ಅದರ ಬೆಲೆ ಕಿವಿಗೇ ಗೊತ್ತಾಗುತ್ತದೆ.

ನೋಡಲು ಹೋದಾಗ

ಬಾನೆಟ್ ಆಮೇಲೆ ಎತ್ತಿ. ಮೊದಲು ಕಾರಿನ ಪಕ್ಕ ಮಂಡಿಯೂರಿ.

ಎಂಜಿಬಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಬಾಗಿಲ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಹೋಗುವ ಸಿಲ್ ಅನ್ನುವ ಟೊಳ್ಳು ಭಾಗವೇ ಇಡೀ ಕಾರಿನ ಬೆನ್ನು. ಹೊರಗಿನ ತಗಡು, ಒಳಗಿನ ತಗಡು, ಮಧ್ಯೆ ಇನ್ನೊಂದು ತಗಡು, ಹೀಗೆ ಪದರ ಪದರವಾಗಿದೆ. ಕೆಟ್ಟ ಗ್ಯಾರೇಜುಗಳು ಒಳಗಿನದು ಕೊಳೆತಿದ್ದರೂ ಹೊರಗಿನದರ ಮೇಲೆ ಹೊಸ ತಗಡು ಬೆಸೆದು ಬಣ್ಣ ಹೊಡೆಯುತ್ತವೆ. ನೋಡಲು ಮಿರಮಿರ ಮಿಂಚುತ್ತದೆ, ಶಕ್ತಿ ಮಾತ್ರ ಇರುವುದಿಲ್ಲ.

ಇದನ್ನು ಕಂಡುಹಿಡಿಯಲು ರೋಡ್‌ಸ್ಟರಿನಲ್ಲಿ ಸುಲಭದ ಪರೀಕ್ಷೆ ಇದೆ. ಬಾಗಿಲಿನ ಹಿಂಬದಿಯ ಸಂದು ಮೇಲಿಂದ ಕೆಳಗೆ ಒಂದೇ ಅಗಲ ಇದೆಯಾ ನೋಡಿ. ಆಮೇಲೆ ಮಾಲೀಕರ ಒಪ್ಪಿಗೆ ಕೇಳಿ, ಸಿಲ್‌ನ ಜ್ಯಾಕ್ ಜಾಗಕ್ಕೆ ಜ್ಯಾಕ್ ಕೊಟ್ಟು ಒಂದು ಬದಿಯನ್ನು ಎತ್ತಿಸಿ. ಬಾಗಿಲು ಮೊದಲಿನಂತೆ ತೆರೆದು ಮುಚ್ಚಬೇಕು. ಸಂದು ಕಿರಿದಾಗಿ ಬಾಗಿಲು ಸಿಕ್ಕಿಹಾಕಿಕೊಂಡರೆ ಕಾರು ಮಧ್ಯದಲ್ಲಿ ಬಾಗುತ್ತಿದೆ ಅಂತ ಅರ್ಥ. ಜ್ಯಾಕ್ ಇಡುವಾಗಲೇ ತಗಡು ಕರಕರ ಅಂತ ಕುಸಿದರೆ ಥ್ಯಾಂಕ್ಸ್ ಹೇಳಿ ಹೊರಡಿ. ಎಷ್ಟೇ ಮುದ್ದಾಗಿ ಕಂಡರೂ ಹೊರಡಿ.

ಮುಂದಿನ ರೆಕ್ಕೆಗಳ (ಮಡ್‌ಗಾರ್ಡ್) ಕೆಳತುದಿ, ಹಿಂದಿನ ಚಕ್ರದ ಕಮಾನು, ಕಾರ್ಪೆಟ್ ಕೆಳಗಿನ ನೆಲದ ಅಂಚು, ಹಿಂದಿನ ಸ್ಪ್ರಿಂಗಿನ ಹಿಡಿಗಳು, ಇವನ್ನೂ ಬಟ್ಟೆ ಸುತ್ತಿದ ಅಯಸ್ಕಾಂತದಿಂದ ನೋಡಿ. ಅಂಟದಿದ್ದರೆ ಒಳಗಿರುವುದು ತಗಡಲ್ಲ, ಫಿಲ್ಲರ್ ಅನ್ನುವ ಪುಟ್ಟಿ. 1974ರವರೆಗಿನ ಕಾರುಗಳಲ್ಲಿ ಸೀಟಿನ ಹಿಂದೆ ಎರಡು 6 ವೋಲ್ಟ್ ಬ್ಯಾಟರಿ ಇರುತ್ತಿದ್ದವು. ಆ ಪೆಟ್ಟಿಗೆಗಳಿಗೆ ಕೆಳಗಿನಿಂದ ನೀರು ಬಡಿದು ತುಕ್ಕು ಹಿಡಿಯುವುದು ಸಾಮಾನ್ಯ.

ಎಂಜಿನ್‌ಗೆ ಇಷ್ಟು ಸಾಕು. ಬಿಸಿಯಾದ ಮೇಲೆ ಓಡುವಾಗ ಆಯಿಲ್ ಪ್ರೆಶರ್ 50ರಿಂದ 80 ಪಿಎಸ್‌ಐ, ಐಡಲ್‌ನಲ್ಲಿ 10ರಿಂದ 25 ಇರಬೇಕು. ಹೊಗೆ ನೀಲಿ ಇರಬಾರದು. ಎರಡನೇ ಗೇರ್ ಕಿರ್ ಅಂದರೆ ಸಿಂಕ್ರೋ ಸವೆದಿದೆ. ಓವರ್‌ಡ್ರೈವನ್ನು 50 ಮೈಲಿ ವೇಗದಲ್ಲಿ ಹಾಕಿ ನೋಡಿ, ಟ್ಯಾಕೋಮೀಟರ್ ಮುಳ್ಳು ತಕ್ಷಣ ಸುಮಾರು 500 ಸುತ್ತು ಇಳಿಯಬೇಕು. ಸ್ವಿಚ್ ತೆಗೆದರೂ ಓವರ್‌ಡ್ರೈವ್ ಬಿಡದಿದ್ದರೆ ಯಾವ ಕಾರಣಕ್ಕೂ ರಿವರ್ಸ್ ಹಾಕಬೇಡಿ, ಒಳಗಿನ ಭಾಗ ಮುರಿಯುತ್ತದೆ. ಕಡ್ಡಿ ಚಕ್ರ, ಅಂದರೆ ವೈರ್ ವೀಲ್ ಇದ್ದರೆ ಚಕ್ರ ಎತ್ತಿಸಿ, ಒಬ್ಬರು ಬ್ರೇಕ್ ತುಳಿದಿರಲಿ, ನೀವು ಚಕ್ರವನ್ನು ಹಿಂದೆ ಮುಂದೆ ಅಲ್ಲಾಡಿಸಿ. ಟಕ್ ಅಂದರೆ ಹಬ್‌ನ ಹಲ್ಲುಗಳು ಸವೆದಿವೆ.

ಎಂಜಿನ್ ಹಾಳಾಗಿದ್ದರೂ ಬಾಡಿ ಗಟ್ಟಿ ಇದ್ದರೆ ಕೊಳ್ಳಿ. ಬಾಡಿ ಕೊಳೆತಿದ್ದರೆ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಬೇಡ. ಎಂಜಿನ್ ರಿಪೇರಿಗೆ ಒಂದು ಮಿತಿ ಇದೆ. ತುಕ್ಕಿನ ಕೆಲಸ ಕೆದಕಿದಷ್ಟೂ ಬೆಳೆಯುತ್ತದೆ.

ಕಾಗದ ಪತ್ರ

ಕೊನೆಯ ಎಂಜಿಬಿಯೂ 40 ವರ್ಷ ದಾಟಿದೆ. ಆದ್ದರಿಂದ ಎಲ್ಲವೂ ಹಿಸ್ಟಾರಿಕ್ ವೆಹಿಕಲ್ ವರ್ಗಕ್ಕೆ ಬರಬಹುದು, ರಸ್ತೆ ತೆರಿಗೆ ಸೊನ್ನೆ. ಆದರೆ ತಾನಾಗಿಯೇ ಆಗುವುದಿಲ್ಲ. ವಿ5ಸಿ ಅನ್ನುವ ನೋಂದಣಿ ಪತ್ರದಲ್ಲಿ ತೆರಿಗೆ ವರ್ಗ ಬದಲಾಗಿದೆಯಾ ನೋಡಿ, ಇಲ್ಲದಿದ್ದರೆ ವಾಹನ ನೋಂದಣಿ ಸಂಸ್ಥೆಯಾದ ಡಿವಿಎಲ್‌ಎಗೆ ಅರ್ಜಿ ಕೊಡಿ. ಸೊನ್ನೆ ಆದರೂ ಪ್ರತಿ ವರ್ಷ ಟ್ಯಾಕ್ಸ್ ಮಾಡಿಸಲೇಬೇಕು. ಹಿಸ್ಟಾರಿಕ್ ವರ್ಗದಲ್ಲಿರುವ ಕಾರಿಗೆ ಲಂಡನ್‌ನಲ್ಲಿ ಹೊಗೆ ಜಾಸ್ತಿ ಬಿಡುವ ಗಾಡಿಗಳಿಗೆ ಹಾಕುವ ಯುಲೆಜ್ ಶುಲ್ಕವೂ ಇಲ್ಲ.

2018ರ ಮೇ ತಿಂಗಳಿನಿಂದ 40 ವರ್ಷ ಮೀರಿದ, ದೊಡ್ಡ ಮಾರ್ಪಾಡು ಆಗದ ಕಾರುಗಳಿಗೆ ವರ್ಷಕ್ಕೊಮ್ಮೆ ನಡೆಯುವ ಎಂಒಟಿ ಅನ್ನುವ ಯೋಗ್ಯತಾ ಪರೀಕ್ಷೆ ಕಡ್ಡಾಯವಲ್ಲ. ನೀವು ಮಾತ್ರ ವರ್ಷಕ್ಕೊಮ್ಮೆ ಮಾಡಿಸಿ. ಕಾರು ಓಡಲು ಯೋಗ್ಯವಾಗಿರಬೇಕು ಅನ್ನುವ ಕಾನೂನಿನಿಂದ ವಿನಾಯಿತಿ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಲಿಫ್ಟ್ ಮೇಲೆ ಎತ್ತಿ ಬೇರೊಬ್ಬರು ಬ್ರೇಕ್ ಪೈಪ್ ನೋಡಿದರೆ ಜೀವಕ್ಕೆ ಒಳ್ಳೆಯದು.

ವಿಮೆಯನ್ನು ಕ್ಲಾಸಿಕ್ ಕಾರುಗಳಿಗೆಂದೇ ಇರುವ ಕಂಪನಿಗಳಲ್ಲಿ ಮಾಡಿಸಿ. ಮೊದಲೇ ಒಪ್ಪಿಕೊಂಡ ಬೆಲೆಯ ಪಾಲಿಸಿ ಕೇಳಿ, ಫೋಟೊ ಕಳಿಸಿ ಬೆಲೆಯನ್ನು ಬರಹದಲ್ಲಿ ಪಡೆಯಿರಿ. ವರ್ಷಕ್ಕೆ ಇಷ್ಟೇ ಮೈಲಿ ಅಂತ ಮಿತಿ ಹಾಕಿದರೆ ಪ್ರೀಮಿಯಂ ಇಳಿಯುತ್ತದೆ. ಆದರೆ ಓಡಿಸುವ ಆಸೆಯನ್ನು ಕತ್ತರಿಸುವಷ್ಟು ಕಡಿಮೆ ಮಿತಿ ಹಾಕಿಸಿಕೊಳ್ಳಬೇಡಿ.

ಮನೆಗೆ ತಂದ ಮೇಲೆ ಮೊದಲ ಕೆಲಸ

ಹಿಂದಿನವರು ಏನು ಮಾಡಿದ್ದಾರೆ ಅಂತ ಊಹಿಸುವುದು ಬೇಡ. ಎಲ್ಲ ದ್ರವಗಳನ್ನೂ ಬದಲಿಸಿ. ಎಂಜಿನ್‌ಗೆ 20ಡಬ್ಲ್ಯೂ-50 ಆಯಿಲ್, ಅದೂ ಜಿಂಕ್ ಅಂಶ ಇರುವ ಕ್ಲಾಸಿಕ್ ಕಾರುಗಳ ಆಯಿಲ್. ಇವತ್ತಿನ ಕಾರುಗಳ ತೆಳು ಸಿಂಥೆಟಿಕ್ ಬೇಡ. ಗೇರ್‌ಬಾಕ್ಸ್ ಮತ್ತು ಓವರ್‌ಡ್ರೈವ್‌ಗೂ ಇದೇ ಎಂಜಿನ್ ಆಯಿಲ್. ಗೇರ್ ಆಯಿಲ್ ಹಿಂದಿನ ಆಕ್ಸಲ್‌ಗೆ ಮಾತ್ರ. ಬಹಳ ಮೆಕ್ಯಾನಿಕ್‌ಗಳು ಇದನ್ನು ತಪ್ಪು ಮಾಡುತ್ತಾರೆ, ಕಾರು ಬಿಡುವಾಗಲೇ ಹೇಳಿ. ಬ್ರೇಕ್ ಮತ್ತು ಕ್ಲಚ್‌ಗೆ ಡಾಟ್ 4 ದರ್ಜೆಯ ದ್ರವ, ಎರಡು ವರ್ಷಕ್ಕೊಮ್ಮೆ ಹೊಸದು.

ಬ್ರೇಕಿನ ರಬ್ಬರ್ ಹೋಸ್‌ಗಳು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿ ಮುಚ್ಚಿಕೊಂಡಿರಬಹುದು. ವಯಸ್ಸು ಗೊತ್ತಿಲ್ಲದಿದ್ದರೆ ಬದಲಿಸಿ, ದೊಡ್ಡ ಖರ್ಚಲ್ಲ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಹತ್ತು ವರ್ಷ ದಾಟಿದ್ದರೆ ಎಳೆ ಎಷ್ಟೇ ಉಳಿದಿರಲಿ, ತೆಗೆದುಬಿಡಿ. ರೋಡ್‌ಸ್ಟರಿನ ರೇಡಿಯಲ್ ಟೈರುಗಳಿಗೆ ಮುಂದೆ 21, ಹಿಂದೆ 24 ಪಿಎಸ್‌ಐ ಗಾಳಿ.

ಪೆಟ್ರೋಲ್ ಬಗ್ಗೆ ಎರಡು ಮಾತು. ಬ್ರಿಟನ್‌ನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲ್ ಅಂದರೆ ಇ10, ಶೇ 10ರವರೆಗೆ ಎಥನಾಲ್ ಇರುತ್ತದೆ. ಅದು ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ, ತೇವವನ್ನೂ ಹೀರುತ್ತದೆ. ಸೂಪರ್ ದರ್ಜೆಯ ಇ5 ಹಾಕಿಸಿ, ಜೊತೆಗೆ ಎಥನಾಲ್ ತಡೆಯುವ ಹೊಸ ಫ್ಯೂಯಲ್ ಹೋಸ್ ಹಾಕಿಸಿ. ಬಿಸಿ ಎಗ್ಸಾಸ್ಟ್ ಮ್ಯಾನಿಫೋಲ್ಡ್ ಕಾರ್ಬ್ಯುರೇಟರಿನ ಕೆಳಗೇ ಇದೆ. ಅಲ್ಲಿ ಒಂದು ಹನಿ ಸೋರಿದರೂ ಬೆಂಕಿಯ ಅಪಾಯ. ಎರಡನೆಯದು ಸೀಸ. ಹಳೆಯ ವಾಲ್ವ್ ಸೀಟ್ ಸವೆಯದಂತೆ ಕಾಯುತ್ತಿದ್ದ ಸೀಸದ ಪೆಟ್ರೋಲ್ ಇಲ್ಲಿ 1999ರ ಕೊನೆಗೆ ನಿಂತುಹೋಯಿತು. ಸಿಲಿಂಡರ್ ಹೆಡ್‌ಗೆ ಗಟ್ಟಿ ವಾಲ್ವ್ ಸೀಟ್ ಹಾಕಿಸಿದ್ದಾರಾ ಕೇಳಿ. ಇಲ್ಲದಿದ್ದರೆ ಪ್ರತಿ ಸಲ ಟ್ಯಾಂಕಿಗೆ ಸೀಸದ ಬದಲಿ ದ್ರವ ಹಾಕಿ.

ಸ್ಟಾರ್ಟ್ ಮಾಡಿ ಹೊರಡುವುದು

ಕೀ ತಿರುಗಿಸಿ, ಆದರೆ ಸ್ಟಾರ್ಟರ್‌ವರೆಗೆ ಹೋಗಬೇಡಿ. ಹಿಂದಿನಿಂದ ಟಿಕ್ ಟಿಕ್ ಟಿಕ್ ಅಂತ ಸದ್ದು ಕೇಳುತ್ತದೆ. ಎಸ್‌ಯು ಕಂಪನಿಯ ವಿದ್ಯುತ್ ಪಂಪು ಕಾರ್ಬ್ಯುರೇಟರಿಗೆ ಪೆಟ್ರೋಲ್ ತುಂಬುತ್ತಿದೆ. ತುಂಬಿದ ಮೇಲೆ ಟಿಕ್ ನಿಧಾನವಾಗಿ ನಿಲ್ಲುತ್ತದೆ. ನಿಲ್ಲದೆ ಹೊಡೆದುಕೊಳ್ಳುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ ಅಥವಾ ಟ್ಯಾಂಕ್ ಖಾಲಿ. ಸದ್ದೇ ಇಲ್ಲದಿದ್ದರೆ ಪಂಪಿನ ಪಾಯಿಂಟ್ ಅಂಟಿಕೊಂಡಿದೆ, ಮೆಲ್ಲಗೆ ಒಂದು ಏಟು ಕೊಟ್ಟರೆ ಬಹಳ ಸಲ ಎಚ್ಚರವಾಗುತ್ತದೆ. ಈ ಸದ್ದನ್ನು ಕೇಳುವ ಅಭ್ಯಾಸ ಮಾಡಿಕೊಳ್ಳಿ, ಅರ್ಧ ತೊಂದರೆ ಹೊರಡುವ ಮುಂಚೆಯೇ ಗೊತ್ತಾಗುತ್ತದೆ.

ತಣ್ಣಗಿದ್ದರೆ ಚೋಕ್ ಪೂರ್ತಿ ಎಳೆಯಿರಿ. ಆಕ್ಸಿಲರೇಟರ್ ತುಳಿಯಬೇಡಿ. ಸ್ಟಾರ್ಟ್ ಆದ ಕೂಡಲೇ ಚೋಕ್ ಅರ್ಧ ಒಳಗೆ, ಆಯಿಲ್ ಪ್ರೆಶರ್ ಮುಳ್ಳು ಏರಿತಾ ನೋಡಿ, ಹೊರಟುಬಿಡಿ. ಮನೆ ಮುಂದೆ ಹತ್ತು ನಿಮಿಷ ಬಿಸಿ ಮಾಡುತ್ತಾ ನಿಲ್ಲಿಸಿದರೆ ಜಾಸ್ತಿ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದುಹಾಕುತ್ತದೆ. ಒಂದೆರಡು ಮೈಲಿಯೊಳಗೆ ಚೋಕನ್ನು ಸ್ವಲ್ಪ ಸ್ವಲ್ಪವಾಗಿ ಪೂರ್ತಿ ಒಳಗೆ ತಳ್ಳಿ. ನೀರು ಬಿಸಿಯಾಗುವವರೆಗೆ 3000 ಸುತ್ತು ದಾಟಿಸಬೇಡಿ.

ಪವರ್ ಸ್ಟೀರಿಂಗ್ ಇಲ್ಲ, ಎಬಿಎಸ್ ಇಲ್ಲ, ಆರಂಭದ ಕಾರುಗಳಲ್ಲಿ ಬ್ರೇಕಿಗೆ ಬಲ ಸೇರಿಸುವ ಸರ್ವೋ ಕೂಡ ಇಲ್ಲ. ಕಾಲಿಗೆ ಬಲ ಬೇಕು, ಮುಂದಿನ ಗಾಡಿಗೆ ದೂರ ಬೇಕು. ನೀವು ಬಿಟ್ಟ ಜಾಗಕ್ಕೆ ಯಾರೋ ನುಗ್ಗುತ್ತಾರೆ. ಪರವಾಗಿಲ್ಲ, ಇನ್ನೊಮ್ಮೆ ಹಿಂದೆ ಸರಿಯಿರಿ. ಸ್ಟೀರಿಂಗ್ ನಿಂತಾಗ ಭಾರ, ಚಕ್ರ ಉರುಳಿದ ಕೂಡಲೇ ಹಗುರ. ಹಾಗಾಗಿ ಪಾರ್ಕ್ ಮಾಡುವಾಗ ಕಾರು ಸ್ವಲ್ಪ ಚಲಿಸುತ್ತಿರುವಾಗಲೇ ತಿರುಗಿಸಿ. ಮಾರ್ಕ್ 2ಕ್ಕಿಂತ ಮುಂಚಿನ ಕಾರಾದರೆ ಪೂರ್ತಿ ನಿಂತ ಮೇಲೆಯೇ ಮೊದಲ ಗೇರ್.

ಈ ಕಾರಿನ ಸುಖ ಇರುವುದು 40ರಿಂದ 55 ಮೈಲಿ ವೇಗದಲ್ಲಿ, ತಿರುವುಗಳಿರುವ ಬಿ ರಸ್ತೆಗಳಲ್ಲಿ, ಅಂದರೆ ಹಳ್ಳಿಗಾಡಿನ ಸಣ್ಣ ರಸ್ತೆಗಳಲ್ಲಿ. ಕಾಟ್ಸ್‌ವೊಲ್ಡ್ಸ್ ಆಗಲಿ ಯಾರ್ಕ್‌ಶೈರ್ ಡೇಲ್ಸ್ ಆಗಲಿ, ಬೇಸಿಗೆಯಲ್ಲಿ ಬೆಳಗ್ಗೆ ಬೇಗ ಹೊರಡಿ. ಮೂರನೇ ಗೇರ್‌ನಲ್ಲಿ ತಿರುವಿಗೆ ಇಳಿದು, ಮಧ್ಯದಿಂದ ಮೆಲ್ಲಗೆ ಆಕ್ಸಿಲರೇಟರ್ ಕೊಟ್ಟರೆ ಹಿಂದಿನ ಚಕ್ರ ತಳ್ಳುವುದು ಬೆನ್ನಿಗೇ ತಿಳಿಯುತ್ತದೆ. ಮೇಲ್ಛಾವಣಿ ಇಳಿಸಿದ್ದರೂ ಪಕ್ಕದ ಗಾಜು ಏರಿಸಿ, ಹೀಟರ್ ಹಾಕಿ. ಚಳಿಯಲ್ಲೂ ಹಾಯಾಗಿರುತ್ತದೆ. ಮೇಲ್ಛಾವಣಿಯನ್ನು ಒದ್ದೆ ಇದ್ದಾಗ ಮಡಚಬೇಡಿ, ಬೂಷ್ಟು ಬರುತ್ತದೆ. ತೀರಾ ಚಳಿಯಲ್ಲಿ ಮಡಚಿದರೆ ಹಿಂದಿನ ಪ್ಲಾಸ್ಟಿಕ್ ಕಿಟಕಿ ಒಡೆಯುತ್ತದೆ.

ಕೈಯಾರೆ ಮಾಡುವ ಸರ್ವಿಸ್

3000 ಮೈಲಿಗೊಮ್ಮೆ, ಅಷ್ಟು ಓಡದಿದ್ದರೆ ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ಮುಂದಿನ ಪ್ರತಿ ಚಕ್ರದ ಹಿಂದೆ ಮೂರು ಗ್ರೀಸ್ ನಿಪ್ಪಲ್ ಇವೆ, ಹ್ಯಾಂಡ್‌ಬ್ರೇಕ್ ಕೇಬಲ್‌ಗೆ ಒಂದು. ಚಕ್ರವನ್ನು ನೆಲದಿಂದ ಎತ್ತಿ, ಸ್ಟ್ಯಾಂಡ್ ಕೊಟ್ಟು, ಆಮೇಲೆ ಗ್ರೀಸ್ ಒತ್ತಿ. ಭಾರ ಇದ್ದಾಗ ಒತ್ತಿದರೆ ಚಕ್ರ ತಿರುಗುವ ಕೀಲಾದ ಕಿಂಗ್‌ಪಿನ್ನಿನ ಒಳಗೆ ಸರಿಯಾಗಿ ಹೋಗುವುದಿಲ್ಲ. ಹಳೆಯ ಗ್ರೀಸ್ ಹೊರಗೆ ಬರುವವರೆಗೆ ಒತ್ತಿ.

ಎಸ್‌ಯು ಕಾರ್ಬ್ಯುರೇಟರ್ ಅಂದರೆ ಜನ ಯಾಕೆ ಹೆದರುತ್ತಾರೋ ಗೊತ್ತಿಲ್ಲ, ಇಷ್ಟು ಸರಳವಾದದ್ದು ಇನ್ನೊಂದಿಲ್ಲ. ಕಾರಿನಲ್ಲಿರುವ ಎರಡು ಕಾರ್ಬ್ಯುರೇಟರುಗಳ ತಲೆಯ ಮೇಲೂ ಒಂದೊಂದು ಮುಚ್ಚಳ. ತಿರುಗಿಸಿ ಎತ್ತಿದರೆ ಜೊತೆಗೆ ಒಂದು ಸಣ್ಣ ಕಡ್ಡಿ ಬರುತ್ತದೆ. ಒಳಗೆ ಆಯಿಲ್ ಹಾಕಿ ಕಡ್ಡಿಯನ್ನು ವಾಪಸ್ ಇಳಿಸಿ. ಮುಚ್ಚಳ ಕೂರಲು ಸ್ವಲ್ಪ ದೂರ ಇರುವಾಗಲೇ ಕೈಗೆ ತಡೆ ಸಿಕ್ಕರೆ ಆಯಿಲ್ ಸರಿ ಇದೆ. ಕಡಿಮೆ ಇದ್ದರೆ ಆಕ್ಸಿಲರೇಟರ್ ತುಳಿದಾಗ ಕಾರು ಒಂದು ಕ್ಷಣ ತಡವರಿಸುತ್ತದೆ.

ಮಿಶ್ರಣ ನೋಡುವುದು ಹೀಗೆ. ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿರಲಿ. ಏರ್ ಫಿಲ್ಟರ್ ತೆಗೆದು, ತೆಳ್ಳನೆ ಸ್ಕ್ರೂಡ್ರೈವರ್‌ನಿಂದ ಒಂದು ಕಾರ್ಬ್ಯುರೇಟರಿನ ಒಳಗಿನ ಪಿಸ್ಟನ್ನನ್ನು ಒಂದು ಮಿಲಿಮೀಟರಿನಷ್ಟು ಎತ್ತಿ. ಎಂಜಿನ್ ವೇಗ ಏರಿ ಅಲ್ಲೇ ನಿಂತರೆ ಪೆಟ್ರೋಲ್ ಜಾಸ್ತಿ. ಮುಗ್ಗರಿಸಿ ನಿಲ್ಲಲು ನೋಡಿದರೆ ಕಡಿಮೆ. ತುಸು ಏರಿ ಮತ್ತೆ ಮೊದಲಿನಂತಾದರೆ ಸರಿ. ಜೆಟ್ ನಟ್ಟನ್ನೋ ಸ್ಕ್ರೂವನ್ನೋ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ. ಅದಕ್ಕೂ ಮುಂಚೆ ಪಾಯಿಂಟ್ ಅಂತರ 0.35ರಿಂದ 0.40 ಮಿಮೀ, ಪ್ಲಗ್ ಅಂತರ 0.64 ಮಿಮೀ ಇರಬೇಕು. ಇಗ್ನಿಷನ್ ಸರಿ ಇಲ್ಲದೆ ಕಾರ್ಬ್ಯುರೇಟರ್ ಮುಟ್ಟಿದರೆ ಇಡೀ ದಿನ ಕಳೆದರೂ ಸರಿ ಹೋಗುವುದಿಲ್ಲ.

ವೈರಿಂಗ್ ತೊಂದರೆಗೆಲ್ಲ ವಿದ್ಯುತ್ ಭಾಗಗಳನ್ನು ಮಾಡಿದ ಲ್ಯೂಕಾಸ್ ಕಂಪನಿಯನ್ನು ಬೈಯುವುದು ರೂಢಿ. ನನ್ನ ಪ್ರಕಾರ ಅದು ಅನ್ಯಾಯ. ಹತ್ತಾರು ವರ್ಷ ಮಳೆಯಲ್ಲಿದ್ದ ಬುಲೆಟ್ ಕನೆಕ್ಟರ್ ಮತ್ತು ಅರ್ಥ್ ಜಾಗಗಳಲ್ಲಿ ತುಕ್ಕು ಕೂತಿರುತ್ತದೆ, ಅಷ್ಟೇ. ಒಂದು ಶನಿವಾರ ಕೂತು ಒಂದೊಂದನ್ನೇ ಬಿಚ್ಚಿ, ಉಜ್ಜಿ, ವ್ಯಾಸಲೀನ್ ಸವರಿ ಜೋಡಿಸಿ. ಮಂಕಾಗಿದ್ದ ದೀಪಗಳು ಬೆಳಗುತ್ತವೆ.

ಡಿಕ್ಕಿಯಲ್ಲಿ ಇಷ್ಟಿರಲಿ: ರೋಟರ್ ಆರ್ಮ್, ಕಂಡೆನ್ಸರ್, ಫ್ಯಾನ್ ಬೆಲ್ಟ್, 35 ಆಂಪಿಯರ್ ಫ್ಯೂಸ್, ಬಲ್ಬು, ಇಂಚಿನ ಅಳತೆಯ ಸ್ಪ್ಯಾನರ್, ನೀರು, ಒಂದು ಲೀಟರ್ ಆಯಿಲ್. ಈಗ ಬರುವ ಅಗ್ಗದ ರೋಟರ್ ಆರ್ಮ್, ಕಂಡೆನ್ಸರ್‌ಗಳ ಗುಣಮಟ್ಟ ಸರಿ ಇಲ್ಲ. ನಾಲ್ಕು ಪೌಂಡ್ ಜಾಸ್ತಿ ಆದರೂ ಒಳ್ಳೆಯದನ್ನೇ ತಗೊಳ್ಳಿ. ಕಡ್ಡಿ ಚಕ್ರ ಇದ್ದರೆ ತಾಮ್ರದ ಸುತ್ತಿಗೆಯೂ ಬೇಕು. ಎಡಬದಿಯ ನಟ್ಟುಗಳಿಗೂ ಬಲಬದಿಯವಕ್ಕೂ ಮರೆ (ಥ್ರೆಡ್) ಉಲ್ಟಾ ಇರುತ್ತದೆ, ಬಿಚ್ಚುವ ಮುಂಚೆ ದಿಕ್ಕು ನೋಡಿಕೊಳ್ಳಿ.

ತಿಳಿಯದಿದ್ದರೆ ಕೇಳಲು ಜನರಿದ್ದಾರೆ. ಎಂಜಿ ಕಾರ್ ಕ್ಲಬ್ 1930ರಿಂದ ಇದೆ, ಎಂಜಿ ಓನರ್ಸ್ ಕ್ಲಬ್ 1973ರಿಂದ. ಸದಸ್ಯರಾಗಿ. ನಿವೃತ್ತರಾದ ಹಿರಿಯರು ತಮ್ಮ ಭಾನುವಾರ ಬಿಟ್ಟು ಬಂದು ನಿಮ್ಮ ಕಾರಿನ ಕೆಳಗೆ ಮಲಗುವಷ್ಟು ಒಳ್ಳೆಯವರು.

ಚಳಿಗಾಲ

ಇಲ್ಲಿ ಮಂಜು ಬೀಳುವ ದಿನಗಳಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಎಂಜಿಬಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಬೇಸಿಗೆ ಮುಗಿಯುವ ಮುಂಚೆ, ಕಾರು ಚೆನ್ನಾಗಿ ಒಣಗಿದ ದಿನ ಸಿಲ್‌ಗಳ ಒಳಗೆ ಮೇಣದ ದ್ರವ ಸಿಂಪಡಿಸಿ. ಬಾಗಿಲು ಮತ್ತು ಸಿಲ್‌ಗಳ ಕೆಳಗಿನ ನೀರು ಹೋಗುವ ತೂತುಗಳು ಮುಚ್ಚದಂತೆ ನೋಡಿಕೊಳ್ಳಿ.

ನಿಲ್ಲಿಸುವಾಗ ಟ್ಯಾಂಕ್ ತುಂಬಿರಲಿ, ಆಂಟಿಫ್ರೀಜ್ ಹೊಸದಿರಲಿ, ಬ್ಯಾಟರಿಗೆ ಚಾರ್ಜ್ ಇಳಿಯದಂತೆ ಕಾಯುವ ಕಂಡಿಷನರ್ ಜೋಡಿಸಿ. ಹ್ಯಾಂಡ್‌ಬ್ರೇಕ್ ಬಿಟ್ಟು ಚಕ್ರಕ್ಕೆ ಕಟ್ಟೆ ಕೊಡಿ, ಇಲ್ಲದಿದ್ದರೆ ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಗಾಳಿ ಆಡದ ಪ್ಲಾಸ್ಟಿಕ್ ಹೊದಿಕೆ ಬೇಡವೇ ಬೇಡ. ಸುಮ್ನೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದೂ ಬೇಡ, ಅದರಿಂದ ಆಯಿಲ್‌ನಲ್ಲಿ, ಸೈಲೆನ್ಸರ್‌ನಲ್ಲಿ ನೀರು ಸೇರುತ್ತದೆ. ಅದರ ಬದಲು ಮಳೆ ಬಂದು ರಸ್ತೆಯ ಉಪ್ಪು ತೊಳೆದುಹೋದ ಒಂದು ಒಣ ದಿನ ನೋಡಿ, ತಿಂಗಳಿಗೊಮ್ಮೆ ಹದಿನೈದು ಇಪ್ಪತ್ತು ಮೈಲಿ ಓಡಿಸಿ ತನ್ನಿ. ಹೊರಡುವ ಮುಂಚೆ ಬ್ರೇಕ್ ಪೆಡಲ್ ಗಟ್ಟಿ ಇದೆಯಾ ತುಳಿದು ನೋಡಿ. ಮೊದಲ ನೂರು ಮೀಟರ್‌ನೊಳಗೆ, ಹಿಂದೆ ಯಾರೂ ಇಲ್ಲದಾಗ, ಇನ್ನೊಮ್ಮೆ ಬ್ರೇಕ್ ಹಿಡಿದು ಕಾರು ನೇರ ನಿಲ್ಲುತ್ತದಾ ನೋಡಿಕೊಳ್ಳಿ. ವಾಪಸ್ ಬಂದ ಮೇಲೆ ಪೈಪ್ ಹಿಡಿದು ಚಕ್ರದ ಕಮಾನುಗಳ ಒಳಗನ್ನು ತೊಳೆದು, ಒಣಗಿದ ಮೇಲೆ ಒಳಗಿಡಿ.